ಅನುಮೋದನೆಯ ಹೊಣೆ: ಕಂಪನಿಗಳ ನಿರ್ದೇಶಕ ಮಂಡಳಿಗಳ ಕುರಿತು ಒಂದು ವಿಮರ್ಶೆ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಆಶ್ರಯವಾಗುವ ಜೀವದ ವ್ಯಾಪಾರಗಳನ್ನು ಎಣಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು. ಇವನ್ನು ಪರಸ್ಪರ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯಲ್ಲಿ 108 ಮಣಿಗಳೇಕೆ ಎಂಬುದಕ್ಕೆ ಹಿರಿಯರು ಹೇಳುವ ಕಾರಣಗಳಲ್ಲಿ ಇದೂ ಒಂದು. ಈ ಲೆಕ್ಕದಲ್ಲಿ ಮೂರನೆಯ ಒಂದು ಪಾಲು, ಅಂದರೆ 36 ಮಣಿಗಳು, ತಾನು ಮಾಡದೆ, ಇತರರಿಂದ ಮಾಡಿಸದೆ, ಕೇವಲ ಒಪ್ಪಿಗೆಯನ್ನಿತ್ತ ಕರ್ಮಗಳಿಗೆ ಸೇರಿದವು ಎಂಬುದನ್ನು ಶ್ರಾವಕರು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಕಂಪನಿಗಳ ನಡಾವಳಿ ಪುಸ್ತಕದಲ್ಲಿ ಅತ್ಯಂತ ಹೆಚ್ಚು ಬಾರಿ ಕಾಣುವ ಪದವೂ ಇದೇ ಆಗಿದೆ. ‘ಸಭೆಯು ಅನುಮೋದಿಸಿತು’ ಎಂಬ ವಾಕ್ಯದಿಂದಲೇ ಪ್ರತಿಯೊಂದು ನಿರ್ಣಯವೂ ಮುಗಿಯುತ್ತದೆ. ನಿರ್ದೇಶಕ ಮಂಡಳಿಯು ತಾನೇ ಸರಕನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ, ಲೆಕ್ಕ ಬರೆಯುವುದಿಲ್ಲ. ಅದರ ಮುಖ್ಯ ಕಾರ್ಯವೇ ಅನುಮೋದನೆ. ಹೀಗಿದ್ದರೂ ಅನೇಕ ನಿರ್ದೇಶಕರು ಅದನ್ನು ಒಂದು ಕ್ರಿಯೆಯೆಂದೇ ಎಣಿಸದೆ, ಅಧ್ಯಕ್ಷರಿಗೆ ಸಲ್ಲಿಸತಕ್ಕ ಮರ್ಯಾದೆಯೆಂದು ಎಣಿಸುತ್ತಾರೆ. ಮಂಡಳಿಗಳ ಆಡಳಿತವು ಶಿಥಿಲವಾಗುವುದು ಇಲ್ಲಿಂದಲೇ. ಈ ಮಾತಿಗೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನವು ಭಾರತದಲ್ಲಿ ದೊರೆಯುವುದು ಕಷ್ಟ.

1987ರಲ್ಲಿ ಸ್ಥಾಪಿತವಾದ ಈ ಕಂಪನಿಯಲ್ಲಿ 2008ರ ವೇಳೆಗೆ ಸುಮಾರು 50 ಸಾವಿರ ಮಂದಿ ದುಡಿಯುತ್ತಿದ್ದರು. ಉತ್ತಮ ಆಡಳಿತಕ್ಕಾಗಿ ಅದೇ ವರ್ಷ ಅದಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಂದಿತ್ತು. ಮಂಡಳಿಯಲ್ಲಿ ಹೊರಗಿನ ನಿರ್ದೇಶಕರೇ ಬಹುಸಂಖ್ಯಾತರಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು, ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ, ದೆಹಲಿ ಐಐಟಿಯ ಮಾಜಿ ನಿರ್ದೇಶಕರು, ಪ್ರಸಿದ್ಧ ವಾಣಿಜ್ಯ ವಿದ್ಯಾಸಂಸ್ಥೆಯ ಮುಖ್ಯಸ್ಥರು, ಪೆಂಟಿಯಂ ಚಿಪ್ಪಿನಿಂದ ಜಗತ್ತಿಗೆ ಪರಿಚಿತರಾದ ತಂತ್ರಜ್ಞರು ಅಲ್ಲಿ ಕುಳಿತಿದ್ದರು. ವಿದ್ಯೆ, ಅನುಭವ, ಕೀರ್ತಿ ಯಾವುದಕ್ಕೂ ಅಲ್ಲಿ ಕೊರತೆಯಿರಲಿಲ್ಲ.

2008ರ ಡಿಸೆಂಬರ್ 16ರಂದು ಈ ಮಂಡಳಿಯ ಮುಂದೆ ಒಂದು ಪ್ರಸ್ತಾಪ ಬಂದಿತು. ಅಧ್ಯಕ್ಷ ಬಿ. ರಾಮಲಿಂಗರಾಜು ಅವರ ಕುಟುಂಬಕ್ಕೆ ಸಂಬಂಧಪಟ್ಟ ಮೇಟಾಸ್ ಪ್ರಾಪರ್ಟೀಸ್ ಮತ್ತು ಮೇಟಾಸ್ ಇನ್ಫ್ರಾ ಎಂಬ ಎರಡು ಕಂಪನಿಗಳನ್ನು ಒಟ್ಟು 160 ಕೋಟಿ ಡಾಲರುಗಳಿಗೆ ಸತ್ಯಂ ಕೊಳ್ಳಬೇಕೆಂಬುದು ಅದರ ಸಾರಾಂಶ. ಒಂದು ಭೂಮಿ ಮತ್ತು ಗೃಹನಿರ್ಮಾಣದ ವ್ಯವಹಾರ, ಇನ್ನೊಂದು ರಸ್ತೆ ಮುಂತಾದ ಕಾಮಗಾರಿಗಳ ವ್ಯವಹಾರ. ಕೊಳ್ಳುವುದು ಗಣಕಯಂತ್ರದ ತಂತ್ರಾಂಶ ತಯಾರಿಸುವ ಕಂಪನಿ. ಸತ್ಯಂ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದುಮುಂದಾಗಿ ಓದಿದರೆ ಮೇಟಾಸ್ ಎಂದಾಗುತ್ತದೆ. ಮಾರುವವರು ಯಾರೆಂದು ತಿಳಿಯಲು ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಸಭೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಆದರೆ ನಿರ್ಣಯವು ಸರ್ವಾನುಮತದಿಂದ ಅಂಗೀಕೃತವಾಯಿತು. ಸುದ್ದಿ ತಿಳಿದ ಕೂಡಲೇ ನ್ಯೂಯಾರ್ಕಿನ ಪೇಟೆಯಲ್ಲಿ ಕಂಪನಿಯ ಪತ್ರಗಳ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹೂಡಿಕೆದಾರರ ಆಕ್ರೋಶಕ್ಕೆ ಮಣಿದು ಮರುದಿನ ಬೆಳಗಾಗುವಷ್ಟರಲ್ಲಿ ಪ್ರಸ್ತಾಪವನ್ನು ಕೈಬಿಡಲಾಯಿತು.

2009ರ ಜನವರಿ 7ರಂದು ರಾಮಲಿಂಗರಾಜು ಅವರು ಮಂಡಳಿಗೆ ಬರೆದ ಪತ್ರದಲ್ಲಿ ಒಳಗುಟ್ಟು ಹೊರಬಿತ್ತು. ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿಗಳ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲವೆಂದೂ, ಮೇಟಾಸ್ ಖರೀದಿಯು ಆ ಶೂನ್ಯವನ್ನು ನಿಜವಾದ ಆಸ್ತಿಯಿಂದ ತುಂಬುವ ಕೊನೆಯ ಪ್ರಯತ್ನವಾಗಿತ್ತೆಂದೂ ಅದರಲ್ಲಿ ಒಪ್ಪಿಕೊಂಡಿದ್ದರು. ಅದೇ ದಿನ ಮುಂಬಯಿ ಪೇಟೆಯಲ್ಲಿ ಷೇರಿನ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿಹೋಯಿತು. ಕೊಟ್ಟಿದ್ದ ಪ್ರಶಸ್ತಿಯನ್ನು ಹಿಂತೆಗೆದುಕೊಳ್ಳಲಾಯಿತು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಮಲಿಂಗರಾಜು ಅವರೂ ಸೇರಿ ಹತ್ತು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಆ ತೀರ್ಪನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಲಾಯಿತು. ಶಿಕ್ಷೆಗೊಳಗಾದವರಲ್ಲಿ ಲೆಕ್ಕಪರಿಶೋಧಕರಿದ್ದರು, ಸ್ವತಂತ್ರ ನಿರ್ದೇಶಕರು ಒಬ್ಬರೂ ಇರಲಿಲ್ಲ.

ಇಲ್ಲಿ ನ್ಯಾಯದೃಷ್ಟಿಯಿಂದ ಎರಡು ದೋಷಗಳನ್ನು ಬೇರ್ಪಡಿಸಿ ನೋಡಬೇಕು. ಸುಳ್ಳು ಲೆಕ್ಕ ಬರೆದದ್ದು ಒಂದು. ಇದು ಸತ್ಯಾಣುವ್ರತದ ಅತಿಚಾರಗಳಲ್ಲಿ ಹೇಳಿರುವ ಕೂಟಲೇಖಕ್ರಿಯೆ. ಅದನ್ನು ಹೊರಗಿನ ನಿರ್ದೇಶಕರಿಂದ ಮುಚ್ಚಿಡಲಾಗಿತ್ತು. ಖೋಟಾ ಕಾಗದಗಳನ್ನು ವರ್ಷಕ್ಕೆ ಕೆಲವೇ ದಿನ ಬಂದು ಹೋಗುವವರು ಕಂಡುಹಿಡಿಯಲಿಲ್ಲವೆಂದು ದೂಷಿಸುವುದು ಅಷ್ಟು ಸುಲಭವಲ್ಲ. ಆದರೆ ಮೇಟಾಸ್ ಪ್ರಸ್ತಾಪವನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಕೊಳ್ಳುವವರು, ಮಾರುವವರು, ಬೆಲೆ ಎಲ್ಲವೂ ಮೇಜಿನ ಮೇಲಿದ್ದವು. ಅಲ್ಲಿ ಬೇಕಾಗಿದ್ದುದು ಗೂಢಚಾರನ ಚಾತುರ್ಯವಲ್ಲ, ಸಾಮಾನ್ಯ ವರ್ತಕನ ವಿವೇಕ. ಅಣ್ಣನ ಅಂಗಡಿಯ ಹಣದಿಂದ ತಮ್ಮನ ಹೊಲವನ್ನು ಕೊಳ್ಳುವಾಗ ಬೆಲೆ ಕಟ್ಟುವವರು ಯಾರೆಂದು ಸಂತೆಯ ವ್ಯಾಪಾರಿಯೂ ಕೇಳುತ್ತಾನೆ.

ಆ ದಿನದ ಮಂಡಳಿಯಲ್ಲಿದ್ದ ಮಂಗಳಂ ಶ್ರೀನಿವಾಸನ್ ಅವರು ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಸಭೆಯಲ್ಲಿ ತಾವು ಸಂದೇಹಗಳನ್ನು ವ್ಯಕ್ತಪಡಿಸಿದ್ದರೂ ವಿರುದ್ಧವಾಗಿ ಮತ ಹಾಕಲಿಲ್ಲವೆಂದೂ, ಅದರ ನೈತಿಕ ಹೊಣೆಯನ್ನು ಹೊರುವುದಾಗಿಯೂ ಅವರು ತಿಳಿಸಿದರು. ಈ ಪ್ರಕರಣದ ಕುರಿತು ಬಂದ ಅಸಂಖ್ಯ ಬರಹಗಳಿಗಿಂತ ಈ ಒಂದು ಮಾತು ಹೆಚ್ಚು ಬೆಲೆಯುಳ್ಳದ್ದು. ಜೈನ ಪರಿಭಾಷೆಯಲ್ಲಿ ಇದನ್ನು ಆಲೋಚನೆ ಎನ್ನಬಹುದು. ಮನಸ್ಸಿನಲ್ಲಿ ಸಂದೇಹವಿತ್ತು, ವಚನದಲ್ಲಿ ಪ್ರಶ್ನೆಯೂ ಬಂದಿತು. ಆದರೆ ನಿರ್ಣಯದ ಕ್ಷಣದಲ್ಲಿ ಅನುಮತಿಯೇ ಉಳಿಯಿತು. ದಾಖಲೆಗೆ ಸೇರುವುದೂ ಕರ್ಮಕ್ಕೆ ಸೇರುವುದೂ ಆ ಅನುಮತಿಯೇ.

ಇಂಥ ವಿದ್ವಾಂಸರು ಏಕೆ ತಡೆಯಲಿಲ್ಲ? ಪ್ರವರ್ತಕರ ಕೈಯಲ್ಲಿ ಬಹುಪಾಲು ಷೇರುಗಳಿದ್ದವೆಂಬ ಉತ್ತರ ಇಲ್ಲಿ ಸಲ್ಲದು; ರಾಜು ಕುಟುಂಬದ ಪಾಲು ಆಗ ನೂರಕ್ಕೆ ಹತ್ತಕ್ಕಿಂತಲೂ ಕಡಿಮೆಯಿತ್ತು. ಅಧಿಕಾರವು ಸಂಖ್ಯೆಯಿಂದ ಬಂದುದಲ್ಲ, ದಾಕ್ಷಿಣ್ಯದಿಂದ ಬಂದುದು. ಆಹ್ವಾನಿಸಿ ಆಸನ ಕೊಟ್ಟವರ ಮುಖಕ್ಕೆ ‘ಬೇಡ’ ಎನ್ನುವುದು ಹೇಗೆ ಎಂಬ ಸಂಕೋಚವು ವಿದ್ಯಾವಂತರಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ. ದಾಕ್ಷಿಣ್ಯವು ಮನೆಯಲ್ಲಿ ಗುಣವಾಗಿರಬಹುದು. ಪರರ ಹಣದ ವಿಷಯದಲ್ಲಿ ಅದು ದೋಷ.

ಇದಕ್ಕೆ ಪ್ರತಿಯಾದ ಉದಾಹರಣೆಯೂ ಅದೇ ಕಂಪನಿಯಲ್ಲಿದೆ. 2009ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹಳೆಯ ಮಂಡಳಿಯನ್ನು ರದ್ದುಪಡಿಸಿ, ಮೊದಲು ಕಿರಣ್ ಕಾರ್ಣಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನೂ, ಬಳಿಕ ಇನ್ನೂ ಮೂವರನ್ನೂ ನೇಮಿಸಿತು. ಇವರೂ ಗಣ್ಯರೇ, ಆದರೆ ಯಾರ ಋಣವೂ ಇವರ ಮೇಲಿರಲಿಲ್ಲ, ಯಾವ ಅಂಕಿಯನ್ನೂ ಇವರು ನಂಬಿ ಕೂರುವಂತಿರಲಿಲ್ಲ. ಹೊಸ ಲೆಕ್ಕಿಗರನ್ನು ಕರೆತಂದು, ಸಂಬಳಕ್ಕೆ ಹಣ ಹೊಂದಿಸಿ, ನಿವೃತ್ತ ಮುಖ್ಯ ನ್ಯಾಯಮೂರ್ತಿಯೊಬ್ಬರ ಮೇಲ್ವಿಚಾರಣೆಯಲ್ಲಿ ಬಹಿರಂಗ ಹರಾಜು ನಡೆಸಿ, ಏಪ್ರಿಲ್ 13ರಂದು ಷೇರಿಗೆ 58 ರೂಪಾಯಿಯಂತೆ ಟೆಕ್ ಮಹೀಂದ್ರಾ ಸಂಸ್ಥೆಯನ್ನು ಆರಿಸಿದರು. ಮೂರೇ ತಿಂಗಳಲ್ಲಿ ಸಹಸ್ರಾರು ಕುಟುಂಬಗಳ ಅನ್ನ ಉಳಿಯಿತು. ಎರಡು ಮಂಡಳಿಗಳ ನಡುವೆ ವಿದ್ಯೆಯ ವ್ಯತ್ಯಾಸವಿರಲಿಲ್ಲ. ಅನುಮೋದನೆಯನ್ನು ಹೊಣೆಯೆಂದು ತಿಳಿದ ವ್ಯತ್ಯಾಸವಿತ್ತು.

2013ರ ಕಂಪನಿ ಕಾಯಿದೆಯು ಈ ಪಾಠವನ್ನು ಬಹುಮಟ್ಟಿಗೆ ಅರಗಿಸಿಕೊಂಡಿದೆ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಸ್ವತಂತ್ರ ನಿರ್ದೇಶಕರಿರಬೇಕು. ಅವರು ಐದು ವರ್ಷಗಳ ಎರಡು ಅವಧಿಗಿಂತ ಹೆಚ್ಚು ಕಾಲ ನಿರಂತರವಾಗಿ ಇರುವಂತಿಲ್ಲ. ನಾಲ್ಕನೆಯ ಅನುಸೂಚಿಯು ಅವರು ಆಡಳಿತ ವರ್ಗದವರಿಲ್ಲದೆ ವರ್ಷಕ್ಕೊಮ್ಮೆಯಾದರೂ ಪ್ರತ್ಯೇಕವಾಗಿ ಸೇರಬೇಕೆಂದೂ, ಪರಿಹಾರವಾಗದ ಸಂದೇಹಗಳು ನಡಾವಳಿಯಲ್ಲಿ ದಾಖಲಾಗುವಂತೆ ಒತ್ತಾಯಿಸಬೇಕೆಂದೂ ಹೇಳುತ್ತದೆ. ಅವರು ಯಾವಾಗ ಹೊಣೆಗಾರರಾಗುತ್ತಾರೆ ಎಂಬುದಕ್ಕೆ 149ನೆಯ ಕಲಮು ಅರಿವು, ಸಮ್ಮತಿ ಮತ್ತು ಎಚ್ಚರಿಕೆಯಿಂದ ನಡೆಯದಿರುವಿಕೆಗಳನ್ನು ಅಳತೆಯಾಗಿಟ್ಟಿದೆ. ಸಮ್ಮತಿಯೇ ಅನುಮತ, ಎಚ್ಚರವಿಲ್ಲದಿರುವುದೇ ಪ್ರಮಾದ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮತ್ತಯೋಗವನ್ನೇ ಮೂಲವಾಗಿಟ್ಟಿರುವುದನ್ನು ಬಲ್ಲ ಶ್ರಾವಕನಿಗೆ ಈ ಕಲಮು ಹೊಸದಾಗಿ ಕಾಣುವುದಿಲ್ಲ.

ಆದರೂ ಕಾಯಿದೆಯ ಮಿತಿಯನ್ನು ಹೇಳಲೇಬೇಕು. ಸ್ವಾತಂತ್ರ್ಯವನ್ನು ಅದು ಬಂಧುತ್ವ, ಹಣದ ಸಂಬಂಧ, ಅವಧಿಗಳಿಂದ ಅಳೆಯುತ್ತದೆ. ಅಳೆಯಲು ಸಾಧ್ಯವಾದುದು ಅಷ್ಟೇ. ಬಂಧುವಲ್ಲದವನೂ ಮಾನಕಷಾಯಕ್ಕೆ ವಶನಾಗಿ, ಗಣ್ಯರ ಸಾಲಿನ ಆಸನವನ್ನು ಕಳೆದುಕೊಳ್ಳಲಾರದೆ ತಲೆಯಾಡಿಸಬಹುದು. ಸಂದೇಹವನ್ನು ದಾಖಲಿಸಬೇಕೆಂದು ಕಾಯಿದೆ ಹೇಳಬಲ್ಲುದು. ಸಂದೇಹಪಡುವ ಧೈರ್ಯವನ್ನು ಕೊಡಲಾರದು.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಹೊಣೆ ಹೆಚ್ಚಿದರೆ ಯೋಗ್ಯರು ದೂರವಾಗುತ್ತಾರೆಂಬುದು ಮೊದಲನೆಯದು. 2009ರಲ್ಲಿ ನೂರಾರು ಸ್ವತಂತ್ರ ನಿರ್ದೇಶಕರು ರಾಜೀನಾಮೆ ಕೊಟ್ಟದ್ದು ನಿಜ. ಆದರೆ ಹೊಣೆಯಿಲ್ಲದ ಆಸನವನ್ನಷ್ಟೇ ಬಯಸಿದ್ದವರು ಹೊರಟರೆ ಕಂಪನಿಗೆ ನಷ್ಟವೇನೂ ಇಲ್ಲ. ಭಿನ್ನಮತದಿಂದ ಒಗ್ಗಟ್ಟು ಕೆಡುತ್ತದೆ, ಅನೇಕಾಂತವನ್ನು ಒಪ್ಪುವವರು ಎಲ್ಲರೊಡನೆ ಹೊಂದಿಕೊಳ್ಳಬೇಕು ಎಂಬುದು ಎರಡನೆಯದು. ಇದು ಅನೇಕಾಂತದ ಅಪಾರ್ಥ. ವಸ್ತುವನ್ನು ಹಲವು ನಯಗಳಿಂದ ಪರೀಕ್ಷಿಸಬೇಕೆಂಬುದು ಆ ಸಿದ್ಧಾಂತವೇ ಹೊರತು, ಪರೀಕ್ಷಿಸದೆ ಒಪ್ಪಬೇಕೆಂಬುದಲ್ಲ. ಒಬ್ಬನೇ ಮಾತನಾಡಿ ಉಳಿದವರು ಸಹಿ ಹಾಕುವ ಸಭೆಯೇ ನಿಜವಾದ ಏಕಾಂತ.

ಹಾಗಾದರೆ ಮಂಡಳಿಗಳು ಮಾಡತಕ್ಕದ್ದೇನು? ಸಭೆಯ ಕಾಗದಗಳು ಏಳು ದಿನ ಮೊದಲೇ ಸದಸ್ಯರ ಕೈ ಸೇರಬೇಕು. ಸಭೆಯಲ್ಲಿಯೇ ಹಂಚಿದ ಪ್ರಸ್ತಾಪವನ್ನು ಮುಂದಿನ ಸಭೆಗೆ ಕಾದಿರಿಸಬೇಕು. ಸಂರಂಭವೆಂದರೆ ಸಂಕಲ್ಪದ ಹಂತ. ತಡೆಯಲು ಅತಿ ಸುಲಭವಾದ ಹಂತವೂ ಅದೇ. ಬಂಧುಗಳೊಡನೆ ಮಾಡುವ ವ್ಯವಹಾರದಲ್ಲಿ ಬೆಲೆ ಕಟ್ಟುವವನನ್ನು ಮಾರುವವನು ಆರಿಸಕೂಡದು. ಬ್ಯಾಂಕಿನ ಶಿಲ್ಕಿನ ಪತ್ರವು ಕಂಪನಿಯ ಕಚೇರಿಯ ಮೂಲಕ ಬರದೆ ಬ್ಯಾಂಕಿನಿಂದ ನೇರವಾಗಿ ಲೆಕ್ಕಪರಿಶೋಧಕರಿಗೆ ಬರಬೇಕು. ಹಾಗೆ ಬಂದಿದೆಯೇ ಎಂದು ಮಂಡಳಿಯ ಲೆಕ್ಕಪರಿಶೋಧನಾ ಸಮಿತಿಯು ಕೇಳಬೇಕು. ದೀಪಾವಳಿಗೆ ಖಾತೆ ಮುಗಿಸುವಾಗ ಗಲ್ಲದ ಹಣವನ್ನು ಎಣಿಸದೆ ಶಿಲ್ಕು ಬರೆಯುವ ವರ್ತಕನಿಲ್ಲ. 5,000 ಕೋಟಿಗೆ ಬೇರೆ ನ್ಯಾಯವಿರಲಾರದು. ಒಪ್ಪದವನು ಒಪ್ಪಲಿಲ್ಲವೆಂದು ನಡಾವಳಿಯಲ್ಲಿ ಬರೆಯಿಸಬೇಕು. ವರ್ಷಕ್ಕೊಮ್ಮೆ ಮಂಡಳಿಯು ತನ್ನ ನಿರ್ಣಯಗಳನ್ನು ತಾನೇ ಹಿಂದಿರುಗಿ ನೋಡಬೇಕು. ಪ್ರತಿಕ್ರಮಣ ಮಾಡುವ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ.

ಈ ಮಾತುಗಳು ದೊಡ್ಡ ಕಂಪನಿಗಳಿಗೆ ಮಾತ್ರ ಅನ್ವಯಿಸುವವೆಂದು ತಿಳಿಯಬಾರದು. ಸಮಾಜದ ಅನೇಕ ಕುಟುಂಬಗಳಲ್ಲಿ ಖಾಸಗಿ ಕಂಪನಿಗಳಿವೆ. ಅಲ್ಲಿ ಸೊಸೆಯಂದಿರೂ ಸೋದರರೂ ಹೆಸರಿಗೆ ನಿರ್ದೇಶಕರಾಗಿದ್ದು, ತೋರಿಸಿದ ಜಾಗದಲ್ಲಿ ಸಹಿ ಹಾಕುವ ರೂಢಿಯುಂಟು. ಬಸದಿಗಳ ಮತ್ತು ಧರ್ಮಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿಯೂ ಸಭೆ ನಡೆಯದೆ ನಡಾವಳಿ ಪುಸ್ತಕವೇ ಮನೆಮನೆಗೆ ಹೋಗಿ ಸಹಿ ಪಡೆದು ಬರುವುದು ಅಪರೂಪವಲ್ಲ. ಸಂಸ್ಥೆಯ ಜಮೀನು ಯಾರಿಗೆ ಎಷ್ಟು ಗೇಣಿಗೆ ಹೋಯಿತು, ಜೀರ್ಣೋದ್ಧಾರದ ಗುತ್ತಿಗೆ ಯಾರ ನೆಂಟರಿಗೆ ಸಿಕ್ಕಿತು, ಠೇವಣಿಯ ರಸೀದಿಯನ್ನು ಕಣ್ಣಾರೆ ಕಂಡವರು ಯಾರು ಎಂದು ಕೇಳುವವನನ್ನು ಜಗಳಗಂಟನೆಂದು ಕರೆಯುವುದೂ ಉಂಟು. ದಾನಿಗಳು ಕೊಟ್ಟ ಹಣ ಸಂಸ್ಥೆಯಲ್ಲಿಟ್ಟ ನ್ಯಾಸ. ನ್ಯಾಸಾಪಹಾರವನ್ನೂ ಆಚಾರ್ಯರು ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಿದ್ದಾರೆ. ಅಪಹರಿಸಿದವನು ಒಬ್ಬನಿರಬಹುದು, ಸಹಿ ಹಾಕಿದವರು ಅನೇಕರು.

ಅನುಮೋದನೆಗೆ ಶುಭಪಕ್ಷವೂ ಇದೆ. ಇತರರು ಮಾಡಿದ ದಾನವನ್ನು ಮನಸಾರೆ ಮೆಚ್ಚಿದವನಿಗೂ ಪುಣ್ಯದಲ್ಲಿ ಪಾಲುಂಟೆಂದು ಸಮಾಜವು ಸಂತೋಷದಿಂದ ನಂಬುತ್ತದೆ. ಪುಣ್ಯದ ಖಾತೆಯಲ್ಲಿ ಪಾಲನ್ನು ಬಯಸುವವರು ಪಾಪದ ಖಾತೆಯಲ್ಲಿ ‘ತಾನು ಕೇವಲ ಸಹಿ ಹಾಕಿದೆ’ ಎಂದು ಹೇಳಿ ಪಾರಾಗಲಾರರು. ಮುಂದಿನ ಸಭೆಯಲ್ಲಿ ನಡಾವಳಿ ಪುಸ್ತಕ ಎದುರಿಗೆ ಬಂದಾಗ ಪ್ರತಿಯೊಬ್ಬ ಸದಸ್ಯನೂ ಬರೆದದ್ದನ್ನು ಪೂರ್ತಿಯಾಗಿ ಓದಿ, ತಿಳಿಯದ್ದನ್ನು ಕೇಳಿ, ಒಪ್ಪಿಗೆಯಾದರೆ ಮಾತ್ರ ಸಹಿ ಮಾಡುವನಾದರೆ ಕಂಪನಿಗೂ ಬಸದಿಗೂ ಅದಕ್ಕಿಂತ ದೊಡ್ಡ ಕಾವಲು ಬೇಕಾಗಿಲ್ಲ.