ಒಗಟಿನ ಕುರುಹು, ಬೆಡಗಿನ ಕುರುಹು

ವಸ್ತುವಿನ ಹೆಸರನ್ನು ಮರೆಮಾಡಿ, ಅದರ ಕುರುಹುಗಳನ್ನಷ್ಟೇ ಮುಂದಿಟ್ಟು, ಇದೇನೆಂದು ಕೇಳುವುದು ಬಹು ಪ್ರಾಚೀನವಾದ ಪದ್ಧತಿ. ನಮ್ಮ ಜನಪದರು ಇದನ್ನು ಒಗಟು, ಒಡಪು ಎಂದರು. ಆಲಂಕಾರಿಕರು ಪ್ರಹೇಳಿಕೆ ಎಂದರು. ಆಲಂಕಾರಿಕರಲ್ಲಿ ಇದರ ವಿಷಯವಾಗಿ ಏಕಮತವಿಲ್ಲ. 14ನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ, ಪ್ರಹೇಳಿಕೆಯು ರಸಕ್ಕೆ ವಿರೋಧಿಯಾದುದರಿಂದ ಅಲಂಕಾರವೇ ಅಲ್ಲವೆಂದು ತಳ್ಳಿಹಾಕಿದನು. ಅವನಿಗಿಂತ ಬಹು ಹಿಂದೆಯೇ ದಂಡಿಯು ‘ಕಾವ್ಯಾದರ್ಶ’ದಲ್ಲಿ ಅದರ 16 ಬಗೆಗಳನ್ನು ಹೇಳಿ, ಮೂರು ಪ್ರಯೋಜನಗಳನ್ನೂ ಸೂಚಿಸಿದ್ದನು: ವಿನೋದಗೋಷ್ಠಿ, ಜನರ ನಡುವೆ ಗುಟ್ಟಾಗಿ ಮಾತನಾಡುವುದು, ಪರರನ್ನು ದಿಗ್ಭ್ರಮೆಗೊಳಿಸುವುದು. ದಂಡಿ ಉದಾರಿ. ಆದರೆ ಆ ಮೂರರಲ್ಲಿ ಕೊನೆಯದೇ ಇಂದು ಬೆಡಗಿನ ವಚನಗಳ ಪಾಠಕ್ಕೆ ಅಂಟಿಕೊಂಡಿರುವುದು ವಿಷಾದದ ಸಂಗತಿ.

ಮೊದಲು ಒಳ್ಳೆಯ ಒಗಟೆಂದರೆ ಯಾವುದೆಂಬುದನ್ನು ನೋಡೋಣ. ತೆಂಗಿನಕಾಯಿಯನ್ನು ಕುರಿತ ಸಂಸ್ಕೃತ ಸುಭಾಷಿತವೊಂದನ್ನು ಬಹುಮಂದಿ ಬಲ್ಲರು. ಅದರಲ್ಲಿರುವ ಕುರುಹುಗಳು ನಾಲ್ಕು: ಮರದ ತುದಿಯ ವಾಸ, ಮೂರು ಕಣ್ಣು, ನಾರಿನ ಉಡುಗೆ, ಒಡಲೊಳಗಣ ನೀರು. ಒಂದೊಂದು ಕುರುಹೂ ಮೊದಲು ಬೇರೊಂದನ್ನು ನೆನಪಿಗೆ ತಂದು, ಗರುಡನೋ, ಶಿವನೋ, ಸಿದ್ಧಯೋಗಿಯೋ, ಮೇಘವೋ ಎನಿಸಿ, ಮರುಗಳಿಗೆಯಲ್ಲಿಯೇ ಅದಲ್ಲವೆಂದು ನಿರಾಕರಿಸುತ್ತದೆ. ನಿರಾಕರಣೆಯಿಂದಲೇ ನಿರ್ಣಯಕ್ಕೆ ಕರೆದೊಯ್ಯುವ ಈ ಕ್ರಮ ಬಹು ಸೊಗಸಾದುದು. ನೀರಿನ ಕುರುಹು ನಾಲ್ಕರಲ್ಲಿ ತೀರ ಸುಲಭವಾದುದು. ಅದನ್ನು ಕೊನೆಗಿಟ್ಟದ್ದು ಕವಿಯ ಜಾಣ್ಮೆ. ಮೂರು ಕಣ್ಣಿನದು ಎಲ್ಲಕ್ಕಿಂತ ಮೇಲಾದುದು. ತರಗತಿಯಲ್ಲಿ ಈ ಶ್ಲೋಕವನ್ನು ಒಡನೆಯೇ ಬಿಡಿಸಿದ ಮಕ್ಕಳಿಗೆ, ‘ಆ ಮೂರು ಕಣ್ಣುಗಳಲ್ಲಿ ತೆರೆಯುವುದು ಯಾವುದು?’ ಎಂದು ನಾನು ಮರುಪ್ರಶ್ನೆ ಹಾಕುತ್ತಿದ್ದೆನು. ತೋಟದ ಮನೆಯ ಮಕ್ಕಳು ಮಾತ್ರ ಉತ್ತರ ಕೊಡುತ್ತಿದ್ದರು. ಕರಟದ ಮೂರು ಕಣ್ಣುಗಳಲ್ಲಿ ಎರಡು ಗಡುಸು, ಒಂದು ಮೆತ್ತಗಿನದು. ಮೊಳಕೆ ಹೊರಬರುವುದು ಆ ಒಂದರಿಂದಲೇ. ದಿನನಿತ್ಯ ಒಡೆಯುವ ಕಾಯಿಯಲ್ಲಿ ಇದನ್ನು ನಾವು ಗಮನಿಸಿರುವುದಿಲ್ಲ. ಉತ್ತರ ತಿಳಿದ ಮೇಲೆಯೂ ಕೇಳಿದವನನ್ನು ಮತ್ತೆ ವಸ್ತುವಿನ ಬಳಿಗೆ ಕಳುಹಿಸುವ ಒಗಟೇ ಒಗಟು. ವಿಶ್ವನಾಥನ ಆಕ್ಷೇಪಣೆ ಇಂಥದಕ್ಕೆ ತಗಲದೆಂದೇ ನನ್ನ ಎಣಿಕೆ.

ಇದಕ್ಕೆ ವಿರುದ್ಧವಾದ ಮಾದರಿಯೊಂದು ಬೈಬಲ್ಲಿನ ನ್ಯಾಯಸ್ಥಾಪಕರ ಭಾಗದಲ್ಲಿದೆ. ಸಂಸೋನನು ತಾನು ಕೊಂದ ಸಿಂಹದ ಕಳೇಬರದಲ್ಲಿ ಜೇನುಗೂಡನ್ನು ಕಂಡಿದ್ದನು. ಅದನ್ನೇ ಒಗಟಾಗಿಸಿ, ಮದುವೆಯ ಔತಣದಲ್ಲಿ 30 ಮಂದಿ ಸಂಗಡಿಗರಿಗೆ ಒಡ್ಡಿ, ಬಟ್ಟೆಗಳ ಪಣ ಕಟ್ಟಿದನು. ಅವನೊಬ್ಬನ ಕಣ್ಣಿಗೆ ಬಿದ್ದ ಸಂಗತಿಯನ್ನು ಉಳಿದವರು ಊಹಿಸುವುದು ಹೇಗೆ? ಅವರು ವಧುವನ್ನು ಬೆದರಿಸಿ ಉತ್ತರ ಪಡೆದರು. ಕಥೆ ಕೊಲೆಯಲ್ಲಿ ಮುಂದುವರಿಯಿತು. ಲೋಕಜ್ಞಾನದ ಆಧಾರವಿಲ್ಲದ ಒಗಟು ಕೇಳುಗನಿಗೆ ಒಡ್ಡಿದ ಬಲೆಯೇ ಸರಿ. ಇಂಗ್ಲೆಂಡಿನ ಎಕ್ಸೆಟರ್ ಹಸ್ತಪ್ರತಿಯ ಸಂಗತಿ ಬೇರೆ. 10ನೆಯ ಶತಮಾನದ ಆ ಪ್ರತಿಯಲ್ಲಿ 90ಕ್ಕೂ ಮಿಕ್ಕ ಒಗಟುಗಳಿದ್ದು, ಅವುಗಳಿಗೆ ಉತ್ತರಗಳನ್ನು ಬರೆದಿಲ್ಲ. ಕೆಲವಕ್ಕೆ ವಿದ್ವಾಂಸರು ಇಂದಿಗೂ ಒಂದು ಉತ್ತರವನ್ನು ಒಪ್ಪಿಲ್ಲವಾದರೂ ಅವು ಕಾವ್ಯವಾಗಿ ಉಳಿದುಬಂದಿವೆ.

ಹಾಗಾದರೆ ಅಲ್ಲಮಪ್ರಭುವಿನ ಬೆಡಗು ಯಾವ ಪಂಕ್ತಿಗೆ ಸೇರುತ್ತದೆ? ಅದು ಸಂಸೋನನ ಒಗಟಿನಂತೆ ಬಲ್ಲವರ ಗುಟ್ಟು ಮಾತ್ರವೆಂದು ಹೇಳುವವರುಂಟು. ಈ ಮಾತು ಅರ್ಧಸತ್ಯ. ಬೆಡಗಿನಲ್ಲಿ ಬರುವ ಪಶು, ಪಕ್ಷಿ, ಮರ, ಕೆರೆಗಳೆಲ್ಲವೂ ಎಲ್ಲರೂ ಕಂಡವೇ. ಅವು ನಡೆದುಕೊಳ್ಳುವ ರೀತಿ ಮಾತ್ರ ಲೋಕವಿರುದ್ಧ. ಲೋಕದ ನಡೆಯನ್ನು ಚೆನ್ನಾಗಿ ಬಲ್ಲವನಿಗೇ ಲೋಕವಿರುದ್ಧವಾದುದು ಬೆರಗಾಗಿ ತೋರುವುದು. ಇನ್ನು ಉಳಿದದ್ದು ಅನುಭಾವ. ಅದು ಒಬ್ಬನ ಕಣ್ಣಿಗೆ ಒಮ್ಮೆ ಬಿದ್ದು ಮರೆಯಾದ ಜೇನುಗೂಡಲ್ಲ. ಸಾಧಿಸಿದವರಿಗೆಲ್ಲ ಲಭ್ಯವೆಂಬುದೇ ಶರಣರ ನಿಲುವು.

ಟೀಕಾಕಾರರು ಈ ವಚನಗಳಿಗೆ ಸಂಕೇತಾರ್ಥಗಳನ್ನು ಕೊಟ್ಟು ಮಹೋಪಕಾರ ಮಾಡಿದ್ದಾರೆ. ಆದರೆ ಅವರು ಬರೆದದ್ದು ಷಟ್‌ಸ್ಥಲದ ಪರಿಭಾಷೆಯಲ್ಲಿ ಪಳಗಿದವರಿಗಾಗಿ. ಇಂದಿನ ಪರೀಕ್ಷಾ ಮಾರ್ಗದರ್ಶಿಗಳು ಅದನ್ನೇ ಪಟ್ಟಿಯಾಗಿ ಇಳಿಸಿ, ಕೋಡಗವೆಂದರೆ ಮನಸ್ಸು ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಕೋಡಗವೇ ಏಕೆ? ಒಂದು ಕೊಂಬೆಯನ್ನು ಬಿಡುವ ಮೊದಲೇ ಇನ್ನೊಂದರ ಮೇಲೆ ಕಣ್ಣಿಟ್ಟಿರುವ ಆ ಪ್ರಾಣಿಯನ್ನು ಐದು ನಿಮಿಷ ನೋಡದ ವಿದ್ಯಾರ್ಥಿಗೆ ‘ಮನಸ್ಸು’ ಎಂಬ ಉತ್ತರ ಬರಿಯ ಎರಡು ಅಂಕ.

‘ಶೂನ್ಯಸಂಪಾದನೆ’ಯ ಸಂಕಲನಕಾರರು ಈ ತೊಡಕನ್ನು ಬಹು ಹಿಂದೆಯೇ ಅರಿತಿದ್ದರೆಂದು ತೋರುತ್ತದೆ. ಬಿಡಿಬಿಡಿಯಾಗಿದ್ದ ವಚನಗಳನ್ನು ಅವರು ಸಂವಾದದೊಳಗಿಟ್ಟರು. ಅಣ್ಣ ಅಜಗಣ್ಣನ ಅಗಲಿಕೆಯಲ್ಲಿ ಶೋಕಿಸುತ್ತಿರುವ ಮುಕ್ತಾಯಕ್ಕನ ಎದುರು ಅಲ್ಲಮನು ನಿಂತು ಆಡುವಾಗ, ಆಕೆಯ ದುಃಖವೂ ಆಕೆಯ ಮರುಮಾತೂ ವಚನಕ್ಕೆ ಕುರುಹುಗಳಾಗುತ್ತವೆ. ಕೇಳಿದವರಾರು, ಯಾವ ಸ್ಥಿತಿಯಲ್ಲಿ ಕೇಳಿದರು ಎಂಬುದನ್ನು ಕಿತ್ತೊಗೆದು, ಉತ್ತರವನ್ನಷ್ಟೇ ಅಚ್ಚುಮಾಡಿದರೆ ಬೆಡಗು ದಂಡಿ ಹೇಳಿದ ಮೂರನೆಯ ಪ್ರಯೋಜನಕ್ಕಷ್ಟೇ ಒದಗುತ್ತದೆ. ಬೆಡಗಿನ ವಚನವನ್ನು ಪಠ್ಯಕ್ಕೆ ಆರಿಸುವ ಮಹನೀಯರು ಶಬ್ದಾರ್ಥದ ಪಟ್ಟಿಯನ್ನು ಕೈಬಿಟ್ಟು, ಆ ಸ್ಥಳದಲ್ಲಿ ಸಂಪಾದನೆಯ ಪ್ರಸಂಗವನ್ನು ನಾಲ್ಕು ಸಾಲುಗಳಲ್ಲಾದರೂ ಕೊಡಬೇಕೆಂದು ನನ್ನ ವಿಜ್ಞಾಪನೆ.