ಕಪಟಮಲ್ಲಯುದ್ಧದಲ್ಲಿ ರಸವಿಚಾರ

ಫಲವು ಮೊದಲೇ ಗೊತ್ತಾಗಿರುವ ಕುಸ್ತಿಯನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ವಾಚಕರಲ್ಲಿ ಕೆಲವರಿಗೆ ಅನುಚಿತವೆಂದು ತೋರಬಹುದು. ಗರಡಿಯ ಮಟ್ಟಿಯಲ್ಲಿ ಬೆಳೆದವರು ಅದನ್ನು ಕುಸ್ತಿಯೆಂದು ಒಪ್ಪರು. ನಾಟಕಶಾಲೆಯವರು ಅದನ್ನು ನಾಟಕವೆಂದು ಒಪ್ಪರು. ಅಮೆರಿಕದಲ್ಲಿ ‘ಪ್ರೊಫೆಷನಲ್ ರೆಸ್ಲಿಂಗ್’ ಎಂಬ ಹೆಸರಿನಿಂದ ನಡೆಯುವ ಈ ಪ್ರದರ್ಶನವು ಹೀಗೆ ಎರಡು ಮನೆಗಳಿಗೂ ಸಲ್ಲದೆ ಬೀದಿಯಲ್ಲಿ ನಿಂತಿದೆ. ಪ್ರಕೃತ ಲೇಖಕನೂ ಬಹುಕಾಲ ಇದೇ ಅಭಿಪ್ರಾಯವುಳ್ಳವನಾಗಿದ್ದನು. 2024ನೆಯ ಇಸವಿಯ ಶರತ್ಕಾಲದಲ್ಲಿ ಕಂಡ ಒಂದು ಸಂಜೆಯ ಆಟವು ಆ ಅಭಿಪ್ರಾಯವನ್ನು ಮತ್ತೆ ವಿಚಾರಿಸುವಂತೆ ಮಾಡಿತು. ಕಪಟಮಲ್ಲಯುದ್ಧವೆಂಬ ಹೆಸರು ನಾವು ಇಟ್ಟುದು, ನಿಂದೆಗಾಗಿ ಇಟ್ಟುದಲ್ಲ. ಭಗವಂತನನ್ನೇ ಕಪಟನಾಟಕಸೂತ್ರಧಾರಿಯೆಂದು ಹೊಗಳುವ ನಾವು ಆ ಪದಕ್ಕೆ ಅಂಜಬೇಕಾದುದಿಲ್ಲ.

ಸ್ಥಳವು ನ್ಯೂಜೆರ್ಸಿ ಸಂಸ್ಥಾನದ ಒಂದು ಚಿಕ್ಕ ಊರು. ಅಲ್ಲಿ ನೆಲಸಿರುವ ನಮ್ಮ ಸೋದರಳಿಯನ ಮನೆಗೆ ಹೋಗಿದ್ದಾಗ, ಅವನ ಮಗನ ಹಟಕ್ಕೆ ಕಟ್ಟುಬಿದ್ದು ನಿವೃತ್ತ ಯೋಧರ ಸಂಘವೊಂದರ ಸಭಾಗೃಹಕ್ಕೆ ಹೋದೆವು. ಉಳಿದ ದಿನಗಳಲ್ಲಿ ಮದುವೆಯ ಔತಣಗಳೂ ಬಿಂಗೋ ಎಂಬ ಅಂಕಿಯಾಟವೂ ನಡೆಯುವ ಜಾಗವದು. ದೂರದರ್ಶನದಲ್ಲಿ ಕಾಣುವ ದೊಡ್ಡ ಸಂಸ್ಥೆಗಳ ದೀಪವೈಭವವು ಅಲ್ಲಿಲ್ಲ. ಆ ಸಂಸ್ಥೆಗಳಿಗೆ ಸೇರದೆ ಊರೂರಲ್ಲಿ ನಡೆಯುವ ಇಂತಹ ಆಟಗಳಿಗೆ ಆ ದೇಶದವರು ಮೊಟಕಾಗಿ ‘ಇಂಡಿ’ ಎನ್ನುವರು. ಮಡಚುವ ಕುರ್ಚಿಗಳ ಮೇಲೆ ಇನ್ನೂರಕ್ಕೆ ಮೀರದ ಜನ. ಬಾಗಿಲಲ್ಲಿ ನಮ್ಮ ಚೀಟಿಯನ್ನು ಹರಿದ ತರುಣನೇ ಎರಡನೆಯ ಜೋಡಿಯಲ್ಲಿ ಕಾದಲು ಬಂದನು. ವಿರಾಮಕಾಲದಲ್ಲಿ ಜಟ್ಟಿಗಳೆಲ್ಲರೂ ಗೋಡೆಯ ಬದಿಯ ಮೇಜುಗಳ ಹಿಂದೆ ನಿಂತು ತಮ್ಮ ಹೆಸರನ್ನು ಅಚ್ಚುಹಾಕಿದ ಅಂಗಿಗಳನ್ನೂ ಭಾವಚಿತ್ರಗಳನ್ನೂ ಮಾರಿದರು. ಅರ್ಧ ಗಂಟೆಯ ಹಿಂದೆ ಯಾವನನ್ನು ಕಂಡು ಹಲ್ಲು ಕಡಿದಿದ್ದನೋ ಆ ದುಷ್ಟನಿಂದಲೇ ನಮ್ಮ ಹುಡುಗನು ಹಸ್ತಾಕ್ಷರವನ್ನು ಪಡೆದು ಬಂದನು. ನಮ್ಮ ಬಯಲಾಟದ ಚೌಕಿಯಲ್ಲಿ ಬೆಳಗಿನ ಜಾವ ಬಣ್ಣ ಒರಸಿಕೊಳ್ಳುತ್ತಿರುವ ರಾಕ್ಷಸನ ಹತ್ತಿರ ಮಕ್ಕಳು ಹೆದರುತ್ತ ಹೋಗುವುದು ನೆನಪಾಯಿತು.

ಕಣದ ರಚನೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಮುಂದಿನ ವಿಚಾರಕ್ಕೆ ಅದು ಆಧಾರ. ಉಕ್ಕಿನ ತೊಲೆಗಳು, ಅವುಗಳ ಮೇಲೆ ಮರದ ಹಲಗೆ, ಹಲಗೆಯ ಮೇಲೆ ತೆಳುವಾದ ಒಂದು ಮೆತ್ತೆ, ಅದರ ಮೇಲೆ ಬಿಗಿದ ಕ್ಯಾನ್ವಾಸು. ಪಕ್ಕವೊಂದಕ್ಕೆ 16ರಿಂದ 20 ಅಡಿ. ಸುತ್ತಲೂ ಮೂರು ಸಾಲಿನ ಹಗ್ಗ. ಚಿಕ್ಕ ಆಟಗಳಲ್ಲಿ ಅನೇಕವೇಳೆ ಅದು ರಬ್ಬರಿನ ಕೊಳವೆಯನ್ನು ಹೊದಿಸಿದ ಉಕ್ಕಿನ ತಂತಿ. ಆಳು ಬಿದ್ದರೆ ಹಲಗೆಯು ಮದ್ದಳೆಯಂತೆ ನುಡಿಯುತ್ತದೆ. ಶಬ್ದವು ನೋವಿಗಿಂತ ದೊಡ್ಡದು. ಆದರೆ ನೋವು ಇಲ್ಲದಿಲ್ಲ. ಎದೆಯ ಮೇಲೆ ಬೀಳುವ ಕೈಯ ಏಟು ದಿಟವಾದುದೆಂಬುದನ್ನು ಚರ್ಮದ ಮೇಲೆ ಎದ್ದ ಕೆಂಪು ಬಾಸುಂಡೆಗಳೇ ಹೇಳುತ್ತಿದ್ದವು.

ನಿಜವಾದ ಕುಸ್ತಿಯು ಹೀಗೆ ಕಪಟಕ್ಕೆ ತಿರುಗಿದುದೇಕೆ? ದುಡ್ಡಿನಾಸೆಯೆಂದು ಹೇಳಿಬಿಡುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ಕಾರಣವುಂಟು. 1910ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ನಮ್ಮ ದೇಶದ ಗಾಮನಿಗೂ ಪೋಲೆಂಡಿನ ಝ್ಬಿಷ್ಕೋವಿಗೂ ನಡೆದ ಕಾಳಗವನ್ನು ನೆನೆಯಬಹುದು. ಝ್ಬಿಷ್ಕೋ ಮೈಯನ್ನು ನೆಲಕ್ಕೆ ಒತ್ತಿಕೊಂಡು ಮಲಗಿಬಿಟ್ಟನು. ಎರಡೂವರೆ ಗಂಟೆಗೂ ಮೀರಿ ಗಾಮನು ಅವನನ್ನು ಮಗುಚಲು ಹೆಣಗಿದನು. ಕೊನೆಗೆ ಗೆಲವು ಯಾರದೂ ಆಗಲಿಲ್ಲ. ಕುಸ್ತಿಯ ಧರ್ಮದಲ್ಲಿ ಇದು ನಿರ್ದುಷ್ಟ. ಆದರೆ ಕಾಸು ಕೊಟ್ಟು ಕುಳಿತವನು ಕಂಡದ್ದೇನು? (1928ರಲ್ಲಿ ಪಟಿಯಾಲೆಯಲ್ಲಿ ಅದೇ ಝ್ಬಿಷ್ಕೋವನ್ನು ಗಾಮನು ಒಂದು ನಿಮಿಷದೊಳಗೆ ಚಿತ್ ಮಾಡಿದನು, ದೂರದಿಂದ ಬಂದ ನೋಟಕನಿಗೆ ಅದೂ ಒಂದು ಬಗೆಯ ನಷ್ಟವೇ.) ದಿಟದ ಹೋರಾಟವು ನೋಟಕನ ಇಷ್ಟಾನಿಷ್ಟಗಳನ್ನು ಗಣಿಸುವುದಿಲ್ಲ. 1920ರ ದಶಕದಲ್ಲಿ ಅಮೆರಿಕದ ಎಡ್ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಡ್ಟ್ ಎಂಬ ಮೂವರು ಕಾಲಮಿತಿ, ವೇಗ, ಮೊದಲೇ ಗೊತ್ತುಮಾಡಿದ ಮುಕ್ತಾಯ ಇವುಗಳಿಂದ ಆಟವನ್ನು ನೋಟಕನ ಕಡೆಗೆ ತಿರುಗಿಸಿದರು. ಗುಟ್ಟು ಮಾತ್ರ ಗುಟ್ಟಾಗಿಯೇ ಉಳಿಯಬೇಕೆಂಬುದು ಕಸಬಿನ ಕಟ್ಟಳೆ. ಅದಕ್ಕೆ ‘ಕೇಫೇಬ್’ ಎಂದು ಅವರ ಒಳಮಾತು. ನಾವು ಕುಳಿತಿದ್ದ ನ್ಯೂಜೆರ್ಸಿಯ ಶಾಸನಸಭೆಯ ಮುಂದೆಯೇ 1989ರಲ್ಲಿ, ಕ್ರೀಡೆಗಳಿಗೆ ಹಾಕುವ ತೆರಿಗೆ ಕಟ್ಟಳೆಗಳಿಂದ ಪಾರಾಗುವುದಕ್ಕಾಗಿ, ದೊಡ್ಡ ಸಂಸ್ಥೆಯೊಂದು ಇದು ಸ್ಪರ್ಧೆಯಲ್ಲ, ಕೇವಲ ವಿನೋದವೆಂದು ಹೇಳಿಕೆ ಕೊಟ್ಟಿತು. ಗುಟ್ಟನ್ನು ಒಡೆದುದು ವಿಮರ್ಶಕನಲ್ಲ, ಸುಂಕ!

ವಿನೋದವೆಂಬ ಮಾತು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಇದೆ. ಮಲ್ಲರ ವರ್ಗಗಳು, ಅವರ ಆಹಾರ, ಅಭ್ಯಾಸ ಎಲ್ಲವೂ ಅಲ್ಲಿ ರಾಜನ ಹೊಣೆ. ನೋಡುವವನ ಸಂತೋಷಕ್ಕಾಗಿ ದೇಹವನ್ನು ಪಣವಾಗಿಡುವವನನ್ನು ಸಾಕುವ ಭಾರವೂ ನೋಡುವವನದೇ ಎಂಬ ನ್ಯಾಯವನ್ನು ಆ ಗ್ರಂಥವು ಅಂಗೀಕರಿಸಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಈ ಕಲೆಯನ್ನು ಕುರಿತು ಪಂಡಿತಲೋಕವು ಲಕ್ಷ್ಯಕೊಡುವಂತೆ ಮಾಡಿದವನು ಫ್ರಾನ್ಸಿನ ರೋಲಾಂ ಬಾರ್ತ್. 1952ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ 1957ರಲ್ಲಿ ‘ಮಿಥಾಲಜಿ’ ಎಂಬ ಅವನ ಸಂಕಲನದ ಮೊದಲಲ್ಲಿ ನಿಂತ ಆ ಪ್ರಬಂಧದ ಸಾರವಿಷ್ಟು: ಈ ಕುಸ್ತಿಯು ಕ್ರೀಡೆಯಲ್ಲ, ಪ್ರದರ್ಶನ; ಕಾಳಗವು ಕಪಟವೋ ಅಲ್ಲವೋ ಎಂಬ ಚಿಂತೆ ನೋಟಕನಿಗಿಲ್ಲ; ನೋವು, ಸೋಲು, ನ್ಯಾಯ ಇವು ಕಣ್ಣಿಗೆ ಸ್ಪಷ್ಟವಾಗಿ ಓದಿಕೊಳ್ಳಬಲ್ಲ ಚಿಹ್ನೆಗಳಾಗಿ ಬರುವುದೇ ಅಲ್ಲಿಯ ಸ್ವಾರಸ್ಯ. ಇದು ಸೂಕ್ಷ್ಮವಾದ ಮಾತು, ಬಹುಭಾಗ ನಿಜವಾದುದು. ಆದರೆ ಬಾರ್ತನು ನೋಟಕನ ಪೀಠವನ್ನು ಬಿಟ್ಟು ಏಳಲಿಲ್ಲ. ಚಿಹ್ನೆಯನ್ನು ಓದಿದನು, ಚಿಹ್ನೆಯನ್ನು ಹೊತ್ತ ಬೆನ್ನು ಹಲಗೆಗೆ ಬಡಿಯುವುದನ್ನು ಲೆಕ್ಕಕ್ಕೆ ತರಲಿಲ್ಲ. ಇನ್ನೂರು ಜನರ ಕೋಣೆಯಲ್ಲಿ, ಕಣದಿಂದ ನಾಲ್ಕು ಮೊಳದ ದೂರದಲ್ಲಿ ಕುಳಿತವನಿಗೆ ಅದನ್ನು ಬಿಡಲಾಗುವುದಿಲ್ಲ.

ಹತ್ತಿರದಿಂದ ನೋಡಿದವನಿಗೆ ಮೊದಲು ತಿಳಿಯುವುದೇನೆಂದರೆ, ಈ ಕಲೆಯು ಗೆಲ್ಲುವವನಲ್ಲಿಲ್ಲ, ಸೋಲುವವನಲ್ಲಿದೆ. ಎತ್ತಿ ಒಗೆಯುವವನ ಬಲವೆಂದು ನಾವು ಬೆರಗಾಗುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಒಗೆಯಿಸಿಕೊಳ್ಳುವವನ ನೆಗೆತ. ಅವನು ಗಲ್ಲವನ್ನು ಎದೆಗೆ ಒತ್ತಿ, ಉಸಿರನ್ನು ಬಿಟ್ಟು, ಬೆನ್ನನ್ನು ಚಪ್ಪಟೆಯಾಗಿ ಹರಡಿ, ಎರಡು ತೋಳುಗಳಿಂದಲೂ ನೆಲವನ್ನು ಬಡಿದು ಬೀಳುತ್ತಾನೆ. ಒಗೆಯುವವನು ಅವನ ಕುತ್ತಿಗೆಯನ್ನು ಕಾಯುತ್ತಾನೆ. ದ್ವೇಷವೆಂದು ಕಾಣುವ ಹಿಡಿತವೆಲ್ಲವೂ ಒಳಗೆ ವಿಶ್ವಾಸ. ಹೀಗೆ ಏಟನ್ನು ತಿಂದು ನೋವನ್ನು ಕಾಣಿಸುವುದಕ್ಕೆ ಅವರ ಭಾಷೆಯಲ್ಲಿ ‘ಸೆಲ್ಲಿಂಗ್’, ಎಂದರೆ ಮಾರಾಟ, ಎಂದು ಹೆಸರು. ನಮ್ಮ ಆಲಂಕಾರಿಕರು ಅನುಭಾವವೆಂದುದನ್ನು ಅವರು ಮಾರಾಟವೆಂದರು. ದೇಶಕ್ಕೆ ತಕ್ಕ ಪರಿಭಾಷೆ.

ಈಗ ಆ ಸಂಜೆಯ ಮುಖ್ಯ ಘಟನೆ. ನಾಲ್ಕನೆಯ ಜೋಡಿಯಲ್ಲಿ ಸಾತ್ತ್ವಿಕನಾಗಿ ಬಂದ ತರುಣನೊಬ್ಬನು ಮೇಲಿನ ಹಗ್ಗದಿಂದ ಹಾರಿ, ಓರೆಯಾಗಿ ಬಿದ್ದು, ಏಳಲಿಲ್ಲ. ಜನರು ಚಪ್ಪಾಳೆಯಿಂದ ತಾಳ ಹಾಕಿ ಅವನನ್ನು ಎಬ್ಬಿಸಲು ತೊಡಗಿದರು. ಎಲ್ಲವೂ ಆಟದ ಭಾಗವೆಂದೇ ನಂಬಿದ್ದೆವು. ತೀರ್ಪುಗಾರನು ಅವನ ಬಳಿ ಕುಳಿತು ಏನನ್ನೋ ಕೇಳಿದನು. ಎದ್ದು ಎರಡು ತೋಳುಗಳನ್ನೂ ತಲೆಯ ಮೇಲೆ ಗುಣಿಸುವ ಚಿಹ್ನೆಯಂತೆ ಅಡ್ಡಹಾಕಿದನು. ಪಕ್ಕದಲ್ಲಿದ್ದ ಮುದುಕನು ಟೋಪಿ ತೆಗೆದು, ಇದು ನಿಜವಾದ ಪೆಟ್ಟೆಂದು ಮೆಲ್ಲಗೆ ನಮಗೆ ತಿಳಿಸಿದನು. ಆ ಸನ್ನೆಯ ಅರ್ಥ ಅದೇ. ಆದರೆ ಕಥೆಗಾಗಿ ಅದನ್ನೂ ಸುಳ್ಳಾಗಿ ಬಳಸುವುದುಂಟಂತೆ. ಆದುದರಿಂದ ಕೋಣೆಯಲ್ಲಿ ಅರ್ಧ ಜನ ಸುಮ್ಮನಾದರು, ಅರ್ಧ ಜನ ಸಂಶಯದಲ್ಲಿದ್ದರು.

ಅಭಿನವಗುಪ್ತನು ಕಾಳಿದಾಸನ ಶಾಕುಂತಲದ ಓಡುವ ಜಿಂಕೆಯನ್ನು ಉದಾಹರಿಸಿ, ಅಲ್ಲಿ ತೋರುವ ಭಯವು ಇಂತಹವನದು, ಇಂತಹ ದೇಶಕಾಲದ್ದು ಎಂಬ ಕಟ್ಟಿಲ್ಲದೆ ಸಾಧಾರಣವಾಗಿ ಸಹೃದಯನಿಗೆ ಗೋಚರಿಸುವುದೆಂದು ವಿವರಿಸಿದ್ದಾನೆ. ಆ ಕ್ಷಣದವರೆಗೆ ನಮಗಿದ್ದ ಭಯವು ಅಂತಹುದೇ. ತೋಳುಗಳು ಅಡ್ಡವಾದ ಕೂಡಲೆ ಅದಕ್ಕೆ ಒಡೆಯನು ಹುಟ್ಟಿದನು: ಈ ಊರಿನವನು, ಇಪ್ಪತ್ತರ ಹರೆಯದವನು, ಬಾಗಿಲಲ್ಲಿ ಅವನ ತಾಯಿ ನಿಂತಿದ್ದರೂ ನಿಂತಿರಬಹುದು. ರಸವಿಘ್ನವೆಂದರೆ ಏನೆಂಬುದನ್ನು ಪುಸ್ತಕದಲ್ಲಿ ಹತ್ತು ವರ್ಷ ಓದಿದುದಕ್ಕಿಂತ ಅಂದು ಹೆಚ್ಚಾಗಿ ತಿಳಿದುಕೊಂಡೆವು.

ಆದರೆ ನಾವು ಹೇಳಬೇಕೆಂದು ಹೊರಟದ್ದು ಇದರ ಮುಂದಿನದು. ದುಷ್ಟನ ವೇಷದವನು ಓಡಿಬಂದು ಗೆಳೆಯನನ್ನು ತಬ್ಬಿಕೊಳ್ಳಲಿಲ್ಲ. ಕಣದ ಎದುರು ಮೂಲೆಗೆ ಹೋಗಿ, ಹಗ್ಗವನ್ನೇರಿ, ಊರಿನವರನ್ನೆಲ್ಲ ಹೇಡಿಗಳೆಂದು ಬೈಯತೊಡಗಿದನು. ಜನರ ಕಣ್ಣು ಅತ್ತ ತಿರುಗಿತು. ಬೈಗಳಿಗೆ ಬೈಗಳು ಸೇರಿತು. ಅವನ ಧ್ವನಿಯಲ್ಲಿ ನಡುಕವಿದ್ದಿತು. ಆದರೂ ಸುಮಾರು ಐದು ನಿಮಿಷ ಅವನು ಆ ಪಾತ್ರವನ್ನು ಬಿಡಲಿಲ್ಲ. ಅಷ್ಟರಲ್ಲಿ ಈಚೆ ನಾಲ್ವರು ಬಿದ್ದವನ ಕುತ್ತಿಗೆಯನ್ನು ಅಲುಗಿಸದೆ ಹಲಗೆಯ ಮೇಲೆ ಎತ್ತಿಕೊಂಡು ಹೋದರು. ಟೋಪಿ ತೆಗೆದಿದ್ದ ನಮ್ಮ ನೆರೆಯವನು ಎಲ್ಲರಿಗಿಂತ ಗಟ್ಟಿಯಾಗಿ ಆ ದುಷ್ಟನನ್ನು ಬೈಯುತ್ತಿದ್ದನು. ಅವನಿಗೆ ಎಲ್ಲವೂ ತಿಳಿದಿದ್ದಿತು. ಬಿದ್ದವನ ಮುಖವನ್ನು ಇನ್ನೂರು ಜನ ನೋಡಬಾರದೆಂದು ಬೈಯುವವನೂ ಬೈಯಿಸಿಕೊಳ್ಳುವವನೂ ಸೇರಿ ಒಂದು ತೆರೆಯನ್ನು ಎಳೆದಿದ್ದರು. ಕಪಟವು ದಯೆಯ ಕೆಲಸವನ್ನು ಮಾಡಿದುದನ್ನು ನಾವು ನಾಟಕಶಾಲೆಯಲ್ಲಿ ಎಂದೂ ಕಂಡಿರಲಿಲ್ಲ. ನೋಟಕನಿಗೆ ಕಪಟದ ಚಿಂತೆಯಿಲ್ಲವೆಂದ ಬಾರ್ತನಿಗೆ ಇಲ್ಲಿ ಉತ್ತರವಿದೆ: ಬಲ್ಲ ನೋಟಕನಿಗೆ ಚಿಂತೆಯುಂಟು, ಯಾವುದು ಕಪಟ ಯಾವುದು ದಿಟವೆಂದು ಅವನು ಪ್ರತಿಕ್ಷಣವೂ ಎಣಿಸುತ್ತಲೇ ಇರುತ್ತಾನೆ, ದಿಟವು ಬಂದಾಗ ತಾನೂ ನಟನಾಗುತ್ತಾನೆ.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಅದನ್ನು ಮರೆಸುವುದು ಸಲ್ಲದು. ಆ ತೆರೆಯ ಹಿಂದೆಯೇ ಅನ್ಯಾಯವೂ ಅಡಗಬಲ್ಲದು. ಇಂತಹ ಆಟಗಳಲ್ಲಿ ಜಟ್ಟಿಗಳು ಯಾರ ನೌಕರರೂ ಅಲ್ಲ, ದಿನದ ಕೂಲಿಯವರು. ಗುಟ್ಟು ಒಡೆದ ಮೇಲೆ ನೋಟಕರಲ್ಲಿ ಒಂದು ವರ್ಗವು ಕಪಟವಲ್ಲದ ರಕ್ತವನ್ನು ಬೇಡತೊಡಗಿತು. 1990ರ ದಶಕದಲ್ಲಿ ಫಿಲಡೆಲ್ಫಿಯಾದ ಬಿಂಗೋ ಶಾಲೆಯೊಂದರಲ್ಲಿ ಆಡಿ 2001ರಲ್ಲಿ ಮುಳುಗಿದ ‘ಇಸಿಡಬ್ಲ್ಯು’ ಸಂಸ್ಥೆಯ ಆಟಗಳು ಈ ರುಚಿಯನ್ನು ಬೆಳೆಸಿದವು. ಮುಳ್ಳುತಂತಿ, ಉರಿಯುವ ಮೇಜು, ಹಣೆಯನ್ನು ತಾವೇ ಅಲಗಿನಿಂದ ಗೀರಿಕೊಳ್ಳುವುದು ಇವು ಚಿಕ್ಕ ಸಭಾಗೃಹಗಳಿಗೂ ಬಂದವು. ಇದನ್ನು ಶೌರ್ಯವೆಂದು ಹೊಗಳುವವರಿದ್ದಾರೆ. ನಮಗೆ ಇದು ಕಲೆಯ ದಾರಿದ್ರ್ಯವೆಂದು ತೋರುತ್ತದೆ. ಅನುಭಾವದಿಂದ ನಂಬಿಸಲಾರದವನು ಮಾತ್ರ ಗಾಯದಿಂದ ನಂಬಿಸಬೇಕಾಗುತ್ತದೆ.

ಭರತಮುನಿಯು ದಶರೂಪಕಗಳ ಲಕ್ಷಣವನ್ನು ಹೇಳುವಾಗ ಯುದ್ಧ ಮರಣಾದಿಗಳನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದೆಂದಿರುವುದು ಎಲ್ಲರಿಗೂ ಗೊತ್ತು. ಅವನೇ ಚಾರಿಗಳ ಅಧ್ಯಾಯದಲ್ಲಿ, ರಂಗದ ಮೇಲೆ ಆಯುಧಪ್ರಯೋಗವಾದರೆ ಸೀಳುವುದು, ಕತ್ತರಿಸುವುದು, ನೆತ್ತರು ಹರಿಯುವುದು ಕೂಡದು, ಸನ್ನೆಯಿಂದಲೇ ಸಾಗಬೇಕೆಂದು ವಿಧಿಸಿರುವುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಅದನ್ನು ಬರಿಯ ಶಿಷ್ಟಾಚಾರವೆಂದು ಓದುತ್ತ ಬಂದಿದ್ದೇವೆ; ನಟನ ಮೈಗೆ ಕೊಟ್ಟ ಅಭಯವೆಂದು ಓದಬೇಕಾಗಿದೆ. ರಕ್ತವಿರುವ ಕಾಳಗವೂ ನಮ್ಮಲ್ಲಿ ಇಲ್ಲದಿಲ್ಲ. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳಿಗೆ ಮೊನೆಯ ಆಯುಧವನ್ನು ತೊಟ್ಟು ಇಳಿಯುತ್ತಾರೆ. ಅಲ್ಲಿಯ ಏಟಿನಲ್ಲಿ ಕಪಟವಿಲ್ಲ. ಆದರೆ ಮೊದಲ ರಕ್ತದ ಹನಿ ಕಂಡೊಡನೆ ಕಾಳಗವು ನಿಲ್ಲುತ್ತದೆ. ಅಲ್ಲಿ ರಕ್ತವು ಮುಕ್ತಾಯದ ಗುರುತು. ಅಮೆರಿಕದ ಆ ಹೊಸ ರುಚಿಯಲ್ಲಿ ರಕ್ತವು ಆಟದ ಪ್ರಾರಂಭ. ನಾವು ಕಂಡ ಸಂಜೆಯಲ್ಲಿ ತೀರ್ಪುಗಾರನ ಅಡ್ಡಗೈಗಳು ಆ ಮೊದಲ ಹನಿಯ ಕೆಲಸವನ್ನು ಮಾಡಿದವು.

ಆಟ ಮುಗಿದ ಮೇಲೆ ಮಳೆ ನಿಲ್ಲಲೆಂದು ಸ್ವಲ್ಪ ಹೊತ್ತು ಉಳಿದೆವು. ಕಸಬು ಕಲಿಯುತ್ತಿದ್ದ ಹುಡುಗರು ಕ್ಯಾನ್ವಾಸನ್ನು ಸುತ್ತಿ, ಹಲಗೆಗಳನ್ನು ಬಿಚ್ಚಿ, ಒಂದು ಲಾರಿಗೆ ಹೊರುತ್ತಿದ್ದರು. ಆ ದುಷ್ಟನು, ವೇಷವನ್ನು ಇನ್ನೂ ಕಳಚದೆ, ಮೆಟ್ಟಿಲ ಮೇಲೆ ಕುಳಿತು ಆಸ್ಪತ್ರೆಗೆ ದೂರವಾಣಿಯಲ್ಲಿ ಮಾತನಾಡುತ್ತಿದ್ದನು. ನಮ್ಮ ಹುಡುಗನು ಹಸ್ತಾಕ್ಷರದ ಹಾಳೆಯನ್ನು ಜೇಬಿನಲ್ಲಿ ಮಡಿಸಿಟ್ಟುಕೊಂಡು, ಅವನನ್ನು ದಾಟಿ ಹೋಗುವಾಗ ಬೈಯಬೇಕೋ ಬೇಡವೋ ಎಂದು ನಮ್ಮ ಮುಖವನ್ನು ನೋಡಿದನು.