ಅರದಾಳದ ಹಳದಿ ಎಲ್ಲಿ ಹೋಯಿತು?

ದೈವದ ನೇಮದ ರಾತ್ರಿಯ ಫೋಟೊಗಳಿಗೆ ಈಚೆಗೆ ಒಂದೇ ಬಣ್ಣ. ಬೆಳ್ಳಾರೆಯದಿರಲಿ, ಪಂಜದ್ದಿರಲಿ, ಪುತ್ತೂರಿನದಿರಲಿ, ಹಿನ್ನೆಲೆಗೆ ಹಸಿರು ಬೆರೆತ ನೀಲಿ, ಮುಖಕ್ಕೆ ಕಿತ್ತಳೆ. ಯಾರೋ ಮಾಡಿಟ್ಟ ಪ್ರಿಸೆಟ್ ಒತ್ತಿದರೆ ಬರುವ ಬಣ್ಣವಿದು. ಇದರಿಂದ ಮೊದಲು ಕೆಡುವುದು ಅರದಾಳ. ದೈವ ಕಟ್ಟಿದವರ ಮುಖಕ್ಕೆ ಬಳಿದ ಆ ಹಳದಿ ಚರ್ಮದ ಬಣ್ಣದೊಳಗೆ ಕರಗಿ, ಮುಖವರ್ಣಿಕೆಯ ಗೆರೆಗಳು ಮಾತ್ರ ಉಳಿಯುತ್ತವೆ. ಇದು ಚಿತ್ರವನ್ನು ಚೆಂದ ಮಾಡುವ ಕೆಲಸವಲ್ಲ, ದಾಖಲೆಯನ್ನು ಅಳಿಸುವ ಕೆಲಸ.

ರಾ ಫೈಲ್‌ನಲ್ಲಿ ತೆಗೆದವರಿಗಂತೂ ಹೀಗೆ ಮಾಡುವ ಅಗತ್ಯವೇ ಇಲ್ಲ. ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಮೇಲಿರುವುದು ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜಾಲರಿ: ಎರಡು ಹಸಿರಿಗೆ ಒಂದು ಕೆಂಪು, ಒಂದು ನೀಲಿ. ವೈಟ್ ಬ್ಯಾಲೆನ್ಸ್ ಎಂದರೆ ಆ ಕೆಂಪನ್ನೂ ನೀಲಿಯನ್ನೂ ಎಷ್ಟೆಷ್ಟು ಹೆಚ್ಚಿಸಬೇಕೆಂಬ ಲೆಕ್ಕ. 14 ಬಿಟ್ ಫೈಲ್‌ನಲ್ಲಿ ಪ್ರತಿ ಬಿಂದುವಿಗೂ 16,384 ಮಟ್ಟಗಳಿರುವುದರಿಂದ ಈ ಲೆಕ್ಕವನ್ನು ಮನೆಗೆ ಬಂದು ನಿಧಾನವಾಗಿ ಮಾಡಬಹುದು. ಜೆಪೆಗ್‌ನ 256 ಮಟ್ಟಗಳಲ್ಲಿ ಅಷ್ಟು ಎಳೆದಾಟ ನಡೆಯದು.

ಕಷ್ಟ ಇರುವುದು ದೀಟಿಗೆಯ ಬೆಳಕಿನಲ್ಲಿ. ಮಧ್ಯಾಹ್ನದ ಬಿಸಿಲು ಸುಮಾರು 5,500 ಕೆಲ್ವಿನ್ ಆದರೆ ಬೆಂಕಿಯ ಬೆಳಕು 2,000ದ ಆಸುಪಾಸು. ಅದರಲ್ಲಿ ನೀಲಿ ತೀರಾ ಕಡಿಮೆ. ಬಿಳಿಯನ್ನು ಬಿಳಿಯಾಗಿಸಲೇಬೇಕೆಂದು ಹಟ ಹಿಡಿದರೆ ನೀಲಿಯನ್ನು ವಿಪರೀತ ಹಿಗ್ಗಿಸಬೇಕಾಗುತ್ತದೆ. ಆಗ ದೈವದ ಬೆನ್ನಿಗೆ ಕಟ್ಟಿದ ಅಣಿಯ ಹಿಂದಿನ ಕತ್ತಲಲ್ಲೆಲ್ಲ ನೀಲಿ ಚುಕ್ಕೆ ಏಳುತ್ತದೆ, ಬೆಂಕಿಯ ಬೆಳಕು ಟ್ಯೂಬ್‌ಲೈಟಿನಂತೆ ಕಾಣುತ್ತದೆ. 2,800ರಿಂದ 3,200ರ ನಡುವೆ ನಿಲ್ಲಿಸಿದರೆ ಬೆಚ್ಚನೆಯ ಛಾಯೆಯೂ ಉಳಿಯುತ್ತದೆ, ಅರದಾಳವೂ ಹಳದಿಯಾಗಿಯೇ ಇರುತ್ತದೆ.

ಐಡ್ರಾಪರ್‌ನಿಂದ ಬಿಳಿಯನ್ನು ಹುಡುಕುವವರು ಎಡವುವುದು ಅಡಿಕೆಯ ಹೂಗೊಂಚಲಾದ ಹಿಂಗಾರದಲ್ಲಿ. ಕತ್ತಲಲ್ಲಿ ಬೆಳ್ಳಗೆ ಕಂಡರೂ ಹಿಂಗಾರ ಕೆನೆಹಳದಿ. ಅದನ್ನು ಒತ್ತಿದರೆ ಇಡೀ ಚಿತ್ರ ನೀಲಿಗೆ ವಾಲುತ್ತದೆ. ನೀಲಿ ಹಾಕಿ ಒಗೆದ ಮುಂಡನ್ನು ಒತ್ತಿದರೆ ತದ್ವಿರುದ್ಧ. ನೇಮ ಶುರುವಾಗುವ ಮೊದಲು ದೀಟಿಗೆಯ ಹತ್ತಿರ ಹಿಡಿದ ಬೂದು ಕಾರ್ಡಿನ ಒಂದು ಫೋಟೊ ಇವೆರಡಕ್ಕಿಂತ ನಂಬಿಗಸ್ತ. (ಫೋಟೊ ಬೇಡವೆನ್ನುವ ಸ್ಥಾನಗಳಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಪ್ರಶ್ನೆಯೇ ಇಲ್ಲ.)

ಕೇಪಳದ ಮಾಲೆಯ ಗತಿ ಬೇರೆ. ಒಟ್ಟು ಬೆಳಕು ಸರಿಯಿದ್ದರೂ ಕೆಂಪು ಚಾನೆಲ್ ಒಂದೇ ತುಂಬಿ ಹರಿದಿರುತ್ತದೆ; ಎಸಳುಗಳು ಒಂದಕ್ಕೊಂದು ಅಂಟಿ ಕೆಂಪು ಮುದ್ದೆಯಾಗುತ್ತವೆ. ಇದನ್ನು ಆಮೇಲೆ ಯಾವ ಸ್ಲೈಡರೂ ಬಿಡಿಸಿಕೊಡದು. ತೆಗೆಯುವಾಗಲೇ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿರಬೇಕು.

ಹಗಲಿನ ಅಡಿಕೆ ತೋಟದಲ್ಲಿ ಸೋಗೆಯಿಂದ ಸೋಸಿ ಬಂದ ಬೆಳಕು ಮುಖಕ್ಕೆಲ್ಲ ಹಸಿರು ಬಳಿಯುತ್ತದೆ. ಇಲ್ಲಿ ಮುಟ್ಟಬೇಕಾದ್ದು ಕೆಲ್ವಿನ್ ಅಲ್ಲ, ಟಿಂಟ್. ಅದನ್ನೂ ಇಡೀ ಚಿತ್ರಕ್ಕೆ ಹಾಕಿದರೆ ತೋಟ ಬಾಡಿದಂತಾಗುತ್ತದೆ. ಮುಖಕ್ಕೆ ಮಾತ್ರ ಮಾಸ್ಕ್ ಹಾಕಿ ಟಿಂಟನ್ನು ಮೆಜೆಂಟಾ ಕಡೆಗೆ ಒಂದಿಷ್ಟು ಸರಿಸಿದರೆ ಸಾಕು. ಸೋಗೆಯ ಹಸಿರನ್ನು ಮುಟ್ಟಬೇಕಾಗಿಯೇ ಇಲ್ಲ.